ಮೆಣಸಿನ ಬಳ್ಳಿ ಮತ್ತು ಅತ್ತೆಯ ಉಗುರು

ನಮ್ಮ ಅತ್ತೆಯ ಬಲಗೈ ಹೆಬ್ಬೆರಳಿನ ಉಗುರು ಬೆರಳಿಗಿಂತ ಅರ್ಧ ಅಂಗುಲ ಮುಂದೆ ಚಾಚಿಕೊಂಡಿತ್ತು. ಹಳೆಯ ಜೋಳದ ಬಣ್ಣ, ತುದಿಯಲ್ಲಿ ಸಣ್ಣ ಬಾಗು, ಅಂಚು ಕತ್ತಿಯ ಹಾಗೆ. ಉಳಿದ ಒಂಬತ್ತು ಬೆರಳುಗಳ ಉಗುರನ್ನು ತಪ್ಪದೆ ತೆಗೆಯುತ್ತಿದ್ದರು. ಇದೊಂದನ್ನು ಮಾತ್ರ ಮುಟ್ಟುತ್ತಿರಲಿಲ್ಲ. ಮೆಂತ್ಯದ ಸೊಪ್ಪು ಸೋಸಲು, ಬದನೆಕಾಯಿಯ ತೊಟ್ಟು ತೆಗೆಯಲು, ನುಗ್ಗೆಕಾಯಿಯ ನಾರು ಎಳೆಯಲು ಅವರಿಗೆ ಈಳಿಗೆ ಬೇಕಿರಲಿಲ್ಲ.

ನಾನು ಸೊಸೆಯಾಗಿ ಬಂದ ಮೊದಲ ವಾರ ಆ ಉಗುರನ್ನು ಕಂಡರೆ ನನಗೆ ಹೆದರಿಕೆಯಾಗುತ್ತಿತ್ತು. ಅತ್ತೆಗೆ ಅದು ತಿಳಿಯಿತು.

"ಯಾಕ, ಅತ್ತಿ ಚಿವುಟತಾಳಂತ ಅಂಜಿಕೆ ಏನ? ಇದು ಮಂದಿಗಲ್ಲವ್ವ, ಎಲಿಗೆ. ನಮ್ಮಪ್ಪ ಮದವ್ಯಾಗ ಬಂಗಾರ ಹಾಕಲಿಲ್ಲ, ಈ ಕುಡಗೋಲು ಕೊಟ್ಟು ಕಳಸ್ಯಾನ" ಎಂದು ಉಗುರನ್ನು ನನ್ನ ಮುಖದ ಮುಂದೆ ಹಿಡಿದು ನಕ್ಕರು.

ಅವರ ತವರು ರಾಜೇಶ್ವರ. ಅಲ್ಲಿ ಅವರ ಅಪ್ಪನಿಗೆ ವೀಳ್ಯದೆಲೆಯ ತೋಟವಿತ್ತು. ಆ ಮನೆಯವರೆಲ್ಲ, ಗಂಡಸರು ಹೆಂಗಸರು ಎನ್ನದೆ, ಎಲೆ ಚಿವುಟುವುದಕ್ಕೆಂದು ಹೆಬ್ಬೆರಳ ಉಗುರು ಬೆಳೆಸುತ್ತಿದ್ದರು. ಎಲೆಯನ್ನು ಎಳೆದು ಕೀಳಬಾರದು, ತೊಟ್ಟಿನಲ್ಲಿ ಉಗುರೊತ್ತಿ ತೆಗೆಯಬೇಕು. ಇಲ್ಲದಿದ್ದರೆ ಬಳ್ಳಿಗೆ ನೋವಾಗುತ್ತದೆ ಎನ್ನುತ್ತಿದ್ದರು. ಅತ್ತೆ ಹನ್ನೆರಡು ವರ್ಷಕ್ಕೆ ಮದುವೆಯಾಗಿ ಕಲ್ಯಾಣಕ್ಕೆ ಬಂದರು. ಇಲ್ಲಿ ಎಲೆಯೂ ಇಲ್ಲ, ತೋಟವೂ ಇಲ್ಲ. ನಾನು ಬರುವ ಮುಂಚೆಯೇ ಮಾವನವರೂ ಹೋಗಿಬಿಟ್ಟಿದ್ದರು. ಉಗುರು ಮಾತ್ರ ಕೆಲಸವಿಲ್ಲದೆ ಮೂವತ್ತು ವರ್ಷ ಹಾಗೆಯೇ ಉಳಿದುಕೊಂಡಿತ್ತು.

ಅದಕ್ಕೆ ಕೆಲಸ ತಂದವಳು ನಾನು.

ನನ್ನ ತವರು ಹುಮನಾಬಾದ. ಬಜಾರದಲ್ಲಿ ಅಪ್ಪನ ಕಿರಾಣಿ ಅಂಗಡಿ. ಘಟ್ಟದ ಕೆಳಗಿನಿಂದ ಅಡಿಕೆ, ಕೊಬ್ಬರಿ, ಮೆಣಸು ತರುವ ನಾಯ್ಕರೊಬ್ಬರು ವರ್ಷಕ್ಕೊಮ್ಮೆ ಅಂಗಡಿಗೆ ಬರುತ್ತಿದ್ದರು. ಅಪ್ಪನಿಗೆ ಮಾತಿನ ಹುಚ್ಚು. "ನಾಯ್ಕರ, ಹುಟ್ಟಿದಾಗಿಂದ ಮೆಣಸು ತೂಗಾಕತ್ತೇನಿ, ಅದರ ಗಿಡ ಹ್ಯಾಂಗಿರತದಂತ ಕಂಡಿಲ್ಲ ನೋಡ್ರಿ" ಎಂದಿದ್ದರಂತೆ. ನನ್ನ ಮದುವೆಯ ಬೇಸಿಗೆಯಲ್ಲಿ ನಾಯ್ಕರು ಬೇರು ಬಿಟ್ಟ ಎರಡು ಬಳ್ಳಿಯ ತುಂಡುಗಳನ್ನು ಒದ್ದೆ ಪಾಚಿಯಲ್ಲಿ ಸುತ್ತಿ, ಅಡಿಕೆ ಹಾಳೆಯೊಳಗಿಟ್ಟು ತಂದುಕೊಟ್ಟರು. ಅಪ್ಪ ಅದನ್ನು ನನ್ನ ಜೊತೆಯ ಪಾತ್ರೆ ಪರಡಿಗಳ ಸಂಗಡ ಬಂಡಿಗೆ ಹಾಕಿದರು. ದಾರಿಯುದ್ದಕ್ಕೂ ಬಿಸಿಲು. ಒಣಗೀತೆಂದು ನಾನು ಅದನ್ನು ಉಡಿಯಲ್ಲಿಟ್ಟುಕೊಂಡು ಸೆರಗು ಮುಚ್ಚಿದೆ. ರಾಜೇಶ್ವರದಲ್ಲಿ ಎತ್ತುಗಳಿಗೆ ನೀರು ಕುಡಿಸಲು ನಿಂತಾಗ ಅದಕ್ಕೂ ಒಂದು ಬೊಗಸೆ ನೀರು ಹನಿಸಿದೆವು.

ಹೊಸ್ತಿಲಲ್ಲಿ ಆರತಿಯ ತಟ್ಟೆ ಹಿಡಿದು ನಿಂತ ಅತ್ತೆ ನನ್ನ ಮುಖಕ್ಕಿಂತ ಮೊದಲು ನನ್ನ ಉಡಿಯನ್ನು ನೋಡಿದರು. "ಅದೇನ ಅಲ್ಲಿ?"

"ಬಳ್ಳಿರಿ. ನಮ್ಮಪ್ಪ ಕೊಟ್ಟಾನ."

ಆರತಿ ಮುಗಿಯುವುದೇ ತಡ, ತಟ್ಟೆಯನ್ನು ಯಾರ ಕೈಗೋ ಕೊಟ್ಟು ಹಾಳೆಯನ್ನು ಬಿಚ್ಚಿದರು. ಒಂದು ಎಲೆಯನ್ನು ಮೂಸಿದರು, ಬೆನ್ನಿನ ನರಗಳನ್ನು ಬೆರಳಾಡಿಸಿ ನೋಡಿದರು, ತುದಿಯನ್ನು ಕಚ್ಚಿದರು. "ಎಲಿ ಹಂಗ ಅದ. ಎಲಿ ಅಲ್ಲ" ಎಂದರು. ನಾನು ಮೆಣಸು ಎಂದೆ. ಅವರ ಹುಬ್ಬು ಮೇಲೇರಿತು. "ನಮ್ಮ ಕಲ್ಯಾಣದ ಬಿಸಲಾಗ ಮೆಣಸು? ನಿಮ್ಮಪ್ಪ ಭಾಳ ಧೈರ್ಯದವ ಬಿಡು. ಮಗಳನ್ನೂ ಕೊಟ್ಟ, ಇದನ್ನೂ ಕೊಟ್ಟ." ಸುತ್ತ ಇದ್ದ ಹೆಂಗಸರೆಲ್ಲ ನಕ್ಕರು. ಆ ಮನೆಯಲ್ಲಿ ನಾನು ಕೇಳಿದ ಮೊದಲ ನಗೆ ಅದು.

ನಾಲ್ಕು ದಿನಕ್ಕೆ ಮುಂಗಾರಿನ ಮಿರಗದ ಮಳೆ ಬಿತ್ತು. ಬಾವಿಯ ಹತ್ತಿರದ ನುಗ್ಗೆ ಮರದ ಬುಡದಲ್ಲಿ ಅತ್ತೆ ಬಳ್ಳಿಗಳನ್ನು ನೆಟ್ಟರು. ಒಂದು ಒಂದೇ ವಾರದಲ್ಲಿ ಕರಗಿಹೋಯಿತು. ಇನ್ನೊಂದು ಉಳಿಯಿತು. ಅದನ್ನು ಅವರು ಸಾಕಿದ ರೀತಿಯನ್ನು ನಾನು ಹೇಗೆ ಹೇಳಲಿ? ಬುಡದಲ್ಲಿ ನೀರು ನಿಲ್ಲಬಾರದೆಂದು ಒಂದು ಮೊಳ ಎತ್ತರದ ದಿಬ್ಬ ಕಟ್ಟಿದರು. ಹಳೆಯ ಸಗಣಿ ಗೊಬ್ಬರ, ಒಲೆಯ ಬೂದಿ, ಒಂದು ಹಿಡಿ ಬೇವಿನ ಹಿಂಡಿ. ಬಳ್ಳಿ ಒಂದು ಗೇಣು ಏರಿದರೆ ಒಂದು ಗಂಟು. ಆ ಗಂಟನ್ನೂ ನೆನೆಸಿದ ಬಾಳೆಯ ನಾರಿನಿಂದ, ಕೂಸಿನ ಟೊಪ್ಪಿಗೆಯ ಲಾಡಿ ಕಟ್ಟುವಷ್ಟು ಸಡಿಲವಾಗಿ ಕಟ್ಟುತ್ತಿದ್ದರು. "ಬಿಗದ್ರ ಅದು ಏರೂದಿಲ್ಲ, ಅಲ್ಲೇ ಮುನಿಸಿಕೊಂಡು ಕುಂಡ್ರತದ" ಎನ್ನುತ್ತಿದ್ದರು.

ನಮ್ಮ ಕಡೆಯ ಬೇಸಿಗೆ ಎಂಥದೆಂದು ಗೊತ್ತಿದ್ದವರಿಗೆ ಗೊತ್ತು. ಯುಗಾದಿ ಕಳೆದ ಮೇಲೆ ಬೀಸುವ ಗಾಳಿ ಒಲೆಯ ಬಾಯಿಂದ ಬಂದ ಹಾಗಿರುತ್ತದೆ. ಆ ಮೂರು ತಿಂಗಳು ಅತ್ತೆಗೆ ನಿಜವಾದ ಹೋರಾಟ. ಪಡುವಣ ಬದಿಗೆ ಜೋಳದ ದಂಟಿನ ತಟ್ಟಿ ನಿಲ್ಲಿಸಿ, ಅದಕ್ಕೆ ಒದ್ದೆ ಗೋಣಿಚೀಲ ಹೊದಿಸುತ್ತಿದ್ದರು. ಮರದ ಕೊಂಬೆಗೆ ತಳದಲ್ಲಿ ಸಣ್ಣ ತೂತು ಮಾಡಿದ ಗಡಿಗೆಯೊಂದನ್ನು ಕಟ್ಟಿದ್ದರು. ಲಿಂಗದ ಮೇಲೆ ಬೀಳುವ ಹನಿಯ ಹಾಗೆ ಅದರಿಂದ ದಿನವಿಡೀ ಒಂದೊಂದೇ ಹನಿ ಬುಡಕ್ಕೆ ಬೀಳುತ್ತಿತ್ತು. ಗಡಿಗೆ ತುಂಬಿಸುವ ಕೆಲಸ ನನ್ನದು. ಒಮ್ಮೆ ನಾನು ಮರೆತಿದ್ದಾಗ ಅತ್ತೆ ಬೈಯಲಿಲ್ಲ. ಊಟಕ್ಕೆ ಕೂತವಳ ಮುಂದೆ ನೀರಿನ ತಂಬಿಗೆ ಇಡದೆ ರೊಟ್ಟಿ ಬಡಿಸಿದರು. ಎರಡು ತುತ್ತು ಇಳಿಯುವಷ್ಟರಲ್ಲಿ ನನಗೆ ತಿಳಿಯಿತು. ಎದ್ದು ಗಡಿಗೆ ತುಂಬಿಸಿ ಬಂದೆ. ಆಗ ತಂಬಿಗೆ ಬಂತು.

ಎಲೆ ತೋಟದ ಕಟ್ಟಳೆಗಳನ್ನೆಲ್ಲ ಅವರು ಈ ಒಂದು ಬಳ್ಳಿಗೆ ತಂದು ಹೊರಿಸಿದ್ದರು. ಅದರ ಹತ್ತಿರ ಚಪ್ಪಲಿ ಮೆಟ್ಟಿ ಹೋಗುವಂತಿಲ್ಲ. ಮುಟ್ಟಾದ ಹೆಂಗಸರು ನಾಲ್ಕು ದಿನ ಅದರ ಕಡೆಗೆ ಸುಳಿಯುವಂತಿಲ್ಲ. ನಮ್ಮದು ಲಿಂಗ ಕಟ್ಟಿಕೊಂಡವರ ಮನೆ; ಮುಟ್ಟಿನ ಸೂತಕ ನಾವು ಹಿಡಿಯುವುದಿಲ್ಲ. ಒಲೆಯ ಮುಂದೂ ಕೂಡುತ್ತಿದ್ದೆ, ಪೂಜೆಗೂ ಕೂಡುತ್ತಿದ್ದೆ. ಆದರೆ ಎಲೆಬಳ್ಳಿಯ ಮಾತು ಬೇರೆ, ನೆರಳು ಬಿದ್ದರೂ ಬಾಡುತ್ತದೆ ಎಂದು ಅತ್ತೆಯ ನಂಬಿಕೆ. ಆ ನಾಲ್ಕು ದಿನ ಅವರೇ ಗಡಿಗೆ ತುಂಬಿಸುತ್ತಿದ್ದರು. ಅವರು ಕೊಡ ಹಿಡಿದು ಹೊರಟರೆ ಗೋಡೆಯಾಚೆಯ ಕಾಶೀಬಾಯಿಗೆ ಕಾಣಿಸುತ್ತಿತ್ತು. "ಏನವ್ವಾ, ಈ ತಿಂಗಳೂ ನೀನ ನೀರು ಹಾಕಾಕತ್ತಿ?" ಎಂದು ಆಕೆ ಅತ್ತೆಯನ್ನು ಕೇಳುತ್ತಿದ್ದಳು. ಅಡುಗೆಮನೆಯಲ್ಲಿದ್ದ ನನಗೆ ಆ ಮಾತು ಮುಟ್ಟುತ್ತಿತ್ತು.

ಮೊದಲ ವರ್ಷ ಆ ಮಾತಿನಲ್ಲಿ ಚೇಷ್ಟೆಯಿತ್ತು. ಮೂರನೆಯ ವರ್ಷಕ್ಕೆ ಕನಿಕರ ಬಂತು. ನಾಲ್ಕನೆಯ ವರ್ಷಕ್ಕೆ ಆಕೆ ಕೇಳುವುದನ್ನೇ ಬಿಟ್ಟಳು. ಅದು ಎಲ್ಲಕ್ಕಿಂತ ಕಷ್ಟವಾಗಿತ್ತು.

ಬಳ್ಳಿ ಮಾತ್ರ ನುಗ್ಗೆ ಮರವನ್ನು ಅಪ್ಪಿ ನಮ್ಮ ಮಾಳಿಗೆಯ ಎತ್ತರಕ್ಕೆ ಏರಿತ್ತು. ಎಲೆಗಳು ಎಣ್ಣೆ ಸವರಿದ ಹಾಗೆ. ನೋಡಿದವರೆಲ್ಲ ಹೊಗಳುವರು, ಹೊಗಳಿದ ಮೇಲೆ ಕೇಳುವರು: "ಕಾಳು?" ಕಾಳು ಇರಲಿಲ್ಲ. ಮಳೆಗಾಲ ಬಂದಾಗ ಎಲೆಗಳ ಸಂದಿನಲ್ಲಿ ಹಸಿರು ಬಾಲದಂಥ ಎಳೆಗಳು ಇಳಿಬೀಳುತ್ತಿದ್ದವು. ಅತ್ತೆ ದಿನಾ ಬೆಳಿಗ್ಗೆ ಹೋಗಿ ಅವನ್ನು ಒಂದೊಂದಾಗಿ ಉಗುರಿನಿಂದ ಚಿವುಟಿ ತೆಗೆಯುತ್ತಿದ್ದರು. "ಇವು ಇಲಿಬಾಲ. ಎಲಿಬಳ್ಳಿಗೂ ಬರತಾವ. ಬಂದ್ರ ಬಳ್ಳಿ ಮುದುಕಿ ಆಗಾಕತ್ತದಂತ ತಿಳಿ. ಸತ್ವ ಎಲ್ಲಾ ಹೀರತಾವ. ಕಂಡಲ್ಲಿ ತೆಗೀಬೇಕು." ತೆಗೆದದ್ದನ್ನು ಬುಡಕ್ಕೇ ಹಾಕಿ ಮಣ್ಣು ಮುಚ್ಚುತ್ತಿದ್ದರು. "ಬಳ್ಳೀದು ಬಳ್ಳಿಗೇ ಹೋಗಲಿ." ಮೂವತ್ತು ವರ್ಷ ಖಾಲಿ ಕೂತ ಉಗುರು ಅಲ್ಲಿ ಎಷ್ಟು ಚುರುಕಾಗಿ ಓಡಾಡುತ್ತಿತ್ತೆಂದರೆ, ನಾನು ಹಿಟ್ಟು ನಾದುವುದನ್ನು ಬಿಟ್ಟು ನೋಡುತ್ತಾ ನಿಲ್ಲುತ್ತಿದ್ದೆ.

ಆ ನಾಲ್ಕನೆಯ ವರ್ಷದ ದೀಪಾವಳಿಗೆ ಅತ್ತೆಯ ತಮ್ಮ ಸಿದ್ದಪ್ಪ ಮಾಮಾ ರಾಜೇಶ್ವರದಿಂದ ಬಂದರು. ಒಳ್ಳೆಯ ಮನುಷ್ಯ. ಅಕ್ಕನೆಂದರೆ ಜೀವ. ಬಂದಾಗಲೆಲ್ಲ ತೋಟದ ಎಲೆಯ ಒಂದು ಕಟ್ಟನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತರುತ್ತಿದ್ದರು. ಅವರ ಹೆಬ್ಬೆರಳಿಗೂ ಅಂಥದೇ ಉಗುರು. ಊಟವಾದ ಮೇಲೆ ಅಡಿಕೆ ಕತ್ತರಿಸುತ್ತ ಅವರು ಮಾತು ತೆಗೆದರು. ನಾನು ಒಳಗೆ ತಾಟು ತೊಳೆಯುತ್ತಿದ್ದೆ.

"ಅಕ್ಕಾ, ನಾಕು ವರ್ಷ ಆತು. ನಾ ಬ್ಯಾರೆ ಹೆಣ್ಣು ಹುಡುಕು ಅನ್ನೂದಿಲ್ಲ. ನನ್ನ ಮಗಳು ಗಿರಿಜಾ ಅದಾಳ. ನಿನ್ನ ತವರಿನ ಕೂಸು. ಇಕಿನ್ನ ಬಿಡ್ರಂತ ಅನ್ನಾಕತ್ತಿಲ್ಲ. ಇಕಿನೂ ಇರಲಿ, ಅಕಿನೂ ಬರಲಿ."

ನನ್ನ ಕೈಯಲ್ಲಿನ ತಾಟು ಸದ್ದು ಮಾಡದ ಹಾಗೆ ನೀರೊಳಗೆ ಬಿಟ್ಟೆ. ನಮ್ಮ ಮನೆಯವರು ಅಲ್ಲಿಯೇ ಇದ್ದರು. ಅವರದು ಮೊದಲಿನಿಂದ ಮಾತು ಕಡಿಮೆ. "ಅವ್ವ ಹ್ಯಾಂಗಂತಾಳ ಹಂಗ" ಎಂದು ಎದ್ದು ಹೋದರು. ಎಲ್ಲವೂ ಅತ್ತೆಯ ಒಂದು ಮಾತಿನ ಮೇಲೆ ಬಂದು ನಿಂತಿತು.

ಅತ್ತೆ ಹೇಳಿದರು: "ಸಿದ್ದಾ, ನಮ್ಮಪ್ಪ ಎಲಿಬಳ್ಳಿಗೆ ಮೂರು ವರ್ಷ ಕೊಡತಿದ್ದ. ಈ ಬಳ್ಳಿ ಪರಸ್ಥಳದ್ದು. ಐದು ವರ್ಷ ಕೊಡೂಣಂತ ಮನಸಿನ್ಯಾಗ ಇಟಗೊಂಡೀನಿ. ಸೊಸೀನೂ ಅದರ ಸಂಗಾಟನ ಬಂದಾಳ. ಇನ್ನೊಂದು ವರ್ಷ ತಡಿ."

"ಬರೋಬರ್. ಮುಂದಿನ ದೀಪಾವಳಿಗೆ ಬರತೀನಿ. ಬಳ್ಳೀನೂ ಹಿಂಗ, ಮನೀನೂ ಹಿಂಗ ಇದ್ರ ಮತ್ತ ತಡಿ ಅನಬ್ಯಾಡ."

"ಅನ್ನೂದಿಲ್ಲ."

ಆ ವರ್ಷವನ್ನು ನಾನು ಹೇಗೆ ಕಳೆದೆನೋ. ಬಳ್ಳಿಗೆ ನೀರು ಹಾಕುವಾಗ ಒಂದು ದಿನ ಅದನ್ನು ಬೇಡಿಕೊಳ್ಳುತ್ತಿದ್ದೆ, ಇನ್ನೊಂದು ದಿನ ಬುಡಸಹಿತ ಕಿತ್ತುಹಾಕಬೇಕು ಎನಿಸುತ್ತಿತ್ತು. ಅತ್ತೆ ನನ್ನ ತಲೆಯನ್ನು ಮೊದಲಿಗಿಂತ ಹೆಚ್ಚು ಹೊತ್ತು ಬಾಚುತ್ತಿದ್ದರು. ಮಳೆ ಬಂತು, ಬಾಲಗಳು ಬಂದವು. ಬಳ್ಳಿಗೆ ಶಕ್ತಿ ಉಳಿಯಲೆಂದು ಆ ವರ್ಷ ಅತ್ತೆ ಎರಡು ಹೊತ್ತೂ ಹೋಗಿ ಚಿವುಟಿದರು. ನನಗಾಗಿ ಚಿವುಟಿದರು. ಅದು ನನಗೆ ಆಗಲೇ ಗೊತ್ತಿತ್ತು.

ಗಣೇಶ ಚೌತಿ ಮುಗಿದ ಮೇಲೆ ನಮ್ಮ ಅಪ್ಪ ಕಲ್ಯಾಣಕ್ಕೆ ಬಂದರು. ಜೊತೆಯಲ್ಲಿ ಘಟ್ಟದ ಕೆಳಗಿನ ನಾಯ್ಕರು. ತಾವು ಕೊಟ್ಟ ಬಳ್ಳಿ ಕಲ್ಯಾಣದಲ್ಲಿ ಬದುಕಿದೆ ಎಂದು ಅಪ್ಪ ಹೇಳಿದ್ದನ್ನು ನಾಯ್ಕರು ನಂಬಿರಲಿಲ್ಲವಂತೆ. ಕಣ್ಣಾರೆ ನೋಡಲು ಬಂದಿದ್ದರು. ಅತ್ತೆ ಹಿಗ್ಗಿನಿಂದ ಅವರನ್ನು ಬಾವಿಯ ಕಡೆಗೆ ಕರೆದೊಯ್ದರು. "ಚಪ್ಪಲಿ ಅಲ್ಲೇ ಬಿಡ್ರಿ" ಎನ್ನುವುದನ್ನು ಮರೆಯಲಿಲ್ಲ.

ನಾಯ್ಕರು ತಲೆ ಎತ್ತಿ ನೋಡಿದರು. "ಅಬ್ಬಾ! ನಮ್ಮ ಊರಲ್ಲೂ ಇಷ್ಟು ಚಂದ ಎಲೆ ಇಲ್ಲ ಮಾರಾಯ್ರೆ. ಎಂಥ ಆರೈಕೆ ಅಮ್ಮಾ ನಿಮ್ಮದು!" ಆಮೇಲೆ ಅವರ ಕಣ್ಣು ಬುಡಕ್ಕೆ ಹೋಯಿತು. ಅಂದು ಬೆಳಿಗ್ಗೆ ಚಿವುಟಿ ಹಾಕಿದ ಬಾಲಗಳ ಮೇಲೆ ಇನ್ನೂ ಮಣ್ಣು ಮುಚ್ಚಿರಲಿಲ್ಲ. ಬಗ್ಗಿ ಒಂದನ್ನು ಎತ್ತಿಕೊಂಡರು.

"ಇದನ್ನು ಯಾರು ಕಿತ್ತದ್ದು?"

"ನಾನ ರಿ. ದಿನಾ ತೆಗೀತೀನಿ. ಒಂದೂ ಬಿಡೂದಿಲ್ಲ."

"ಎಂತಕ್ಕೆ ಅಮ್ಮಾ?"

ಅತ್ತೆ ಎಲೆ ತೋಟದ ಮಗಳಾಗಿ ಗತ್ತಿನಿಂದ ವಿವರಿಸಿದರು: ಇಲಿಬಾಲ, ಮುದುಕಿ ಬಳ್ಳಿ, ಸತ್ವ ಹೀರುವುದು. ನಾಯ್ಕರು ಪೂರ್ತಿ ಕೇಳಿದರು. ನಂತರ ಆ ಎಳೆಯನ್ನು ಅತ್ತೆಯ ಅಂಗೈಯಲ್ಲಿಟ್ಟು ಮೆಲ್ಲಗೆ ಹೇಳಿದರು: "ಅಮ್ಮಾ, ಮೆಣಸು ಅಂದ್ರೆ ಇದೇ. ಈ ಎಳೆಯ ಮೈಮೇಲೆ ಸಾಲಾಗಿ ಕಾಳು ಕಟ್ಟುತ್ತದೆ. ನೀವು ವರ್ಷಾ ವರ್ಷಾ ಬೆಳೆ ಕೊಯ್ದು ಗೊಬ್ಬರಕ್ಕೆ ಹಾಕ್ತಾ ಬಂದೀರಿ."

ಅಪ್ಪ ಗಟ್ಟಿಯಾಗಿ ನಕ್ಕುಬಿಟ್ಟರು. ಅತ್ತೆಯ ಮುಖ ನೋಡಿ ಅರ್ಧಕ್ಕೇ ನಿಲ್ಲಿಸಿದರು.

ಅತ್ತೆ ಆ ಎಳೆಯನ್ನು ಬಾಯಿಗೆ ಹಾಕಿಕೊಂಡು ಅಗಿದರು. ಎಳೆಯದಾದರೂ ಖಾರವಿತ್ತೇನೋ, ಕಣ್ಣಲ್ಲಿ ನೀರು ಬಂತು. ನಾಯ್ಕರು, "ನಿಮ್ಮ ಕೈ ಎಟುಕದಲ್ಲಿ ಉಳಿದಿರಲೇಬೇಕು, ನೋಡುವಾ" ಎಂದು ಏಣಿ ತರಿಸಿ ಹತ್ತಿದರು. ಮೇಲೆ, ಮಾಳಿಗೆಯ ಅಂಚಿನ ಹತ್ತಿರ, ದಟ್ಟ ಎಲೆಗಳನ್ನು ಸರಿಸಿದಾಗ ಮೂರು ತೆನೆಗಳಿದ್ದವು. ಮೈತುಂಬ ಹಸಿರು ಮಣಿಗಳು.

ಅತಿಥಿಗಳಿಗೆ ಊಟ ಬಡಿಸಿ ಮುಗಿದ ಮೇಲೆ ಅತ್ತೆ ನನ್ನನ್ನು ಕರೆದರು. "ಅಡಕೊತ್ತು ಕೊಡು." ಅಡಿಕೆ ಬೇಕೇನೋ ಎಂದುಕೊಂಡೆ. ಅವರು ಕಟ್ಟೆಯ ಮೇಲೆ ಕೂತು, ಹೆಬ್ಬೆರಳನ್ನು ಅಡಕೊತ್ತಿನ ಬಾಯಿಗೆ ಕೊಟ್ಟು ಒತ್ತಿದರು. ಗಟ್ಟಿ ಅಡಿಕೆ ಒಡೆದಂತೆ ಸದ್ದಾಯಿತು. ತುಂಡಾದ ಉಗುರು ಹಾರಿ ನನ್ನ ಸೀರೆಯ ನೆರಿಗೆಯಲ್ಲಿ ಬಿತ್ತು. ಬೆರಳಿನ ತುದಿಯ ಚರ್ಮ ಬೆಳ್ಳಗೆ, ಎಳೆಯದಾಗಿ ಕಾಣಿಸಿತು. ಮೂವತ್ತೈದು ವರ್ಷದಿಂದ ಅದು ಗಾಳಿ ಕಂಡಿರಲಿಲ್ಲ.

"ನೀಲಾ, ನೀ ಮೆಣಸು ಮಾರೋರ ಮಗಳು. ನಿನಗರೆ ತಿಳಿಬಾರದೇನ?"

"ನಂಗೇನು ಗೊತ್ರಿ ಅತ್ತಿ, ನಮ್ಮ ಅಂಗಡ್ಯಾಗ ಅದು ಗೋಣಿಚೀಲದಾಗ ಹುಟ್ಟತಿತ್ತು" ಎಂದೆ.

ಅವರು ನಕ್ಕರು. ನಗುತ್ತಲೇ ಸೆರಗಿನಿಂದ ಮುಖ ಮುಚ್ಚಿಕೊಂಡರು. ಬಹಳ ಹೊತ್ತು ತೆಗೆಯಲಿಲ್ಲ.

ಆ ತಿಂಗಳು ನನಗೆ ಮುಟ್ಟಾದಾಗ ನಾನು ಎಂದಿನಂತೆ ಬಾವಿಯ ಕಡೆ ಹೋಗದೆ ಒಳಗೇ ಉಳಿದೆ. ಅತ್ತೆ ಕೊಡವನ್ನು ತಂದು ನನ್ನ ಮುಂದೆ ಇಟ್ಟರು. "ಹೋಗು, ನೀರು ಹಾಕು. ಅದು ಎಲಿಬಳ್ಳಿನೇ ಅಲ್ಲ ಅಂದಮ್ಯಾಲ ಎಲಿಬಳ್ಳಿ ಕಟ್ಟಳಿ ಅದಕ್ಕ್ಯಾಕ?" ಐದು ವರ್ಷದಲ್ಲಿ ಮೊದಲ ಬಾರಿಗೆ ಆ ದಿನಗಳಲ್ಲಿ ನಾನು ಬಳ್ಳಿಯ ಹತ್ತಿರ ನಿಂತೆ. ಅದು ಬಾಡಲಿಲ್ಲ. ಅಂದಿನಿಂದ ನನ್ನ ತಿಂಗಳ ಸುದ್ದಿ ಗೋಡೆಯಾಚೆ ಹೋಗುವುದು ನಿಂತಿತು.

ದೀಪಾವಳಿಗೆ ಸಿದ್ದಪ್ಪ ಮಾಮಾ ಹೇಳಿದಂತೆ ಬಂದರು. ಅತ್ತೆ ಅವರನ್ನು ಏಣಿ ಹತ್ತಿಸಿ ತೆನೆ ತೋರಿಸಿದರು. ಚಿವುಟಿದ ಕಥೆಯನ್ನು ತಾವೇ, ಒಂದನ್ನೂ ಮುಚ್ಚದೆ ಹೇಳಿದರು. ಮಾಮಾ ಕೆಳಗಿಳಿದು ಕೈ ಒರೆಸಿಕೊಂಡರು.

"ಹಂಗಾರ ಬಳ್ಳಿ ಮಾತು ಹಸನಾತು. ಇನ್ನ ಸೊಸಿ ಮಾತು?"

ನಾನು ಬಾಗಿಲ ಹಿಂದೆ ಇದ್ದೆ.

ಅತ್ತೆ ಹೆಬ್ಬೆರಳನ್ನು ತಮ್ಮನ ಮುಂದೆ ಹಿಡಿದರು. "ಇಲ್ನೋಡು ಸಿದ್ದಾ. ಬಳ್ಳೀದು ಏನೂ ತಪ್ಪಿರಲಿಲ್ಲ. ದಿನಾ ಕಣ್ಣ ಮುಂದ ಜೋತುಬಿದ್ದಿದ್ದು ಏನಂತ ನನಗ ತಿಳಿಲಿಲ್ಲ. ಬಳ್ಳಿ ನಡುವನ ಹುಟ್ಟಿ ಬೆಳದಾಕಿ ನಾ. ನನಗ ಎಲ್ಲಾ ತಿಳೀತದಂತ ಐದು ವರ್ಷ ವಾಯಿದೆ ಬ್ಯಾರೆ ಕೊಟ್ಟೆ. ಇನ್ನ ಒಂದು ಹೆಣ್ಣಮಗಳ ಹೊಟ್ಟಿ ಬಗ್ಗೆ ನನಗೇನ ತಿಳೀತದ, ನಿನಗೇನ ತಿಳೀತದ?"

"ಅಂದ್ರ ಇನ್ನೆಷ್ಟು ವರ್ಷ ಕೊಡತಿ?"

"ವರ್ಷ ಕೊಡಾಕ ನಾ ಯಾವಾಕಿ? ಮಾತು ಮುಗೀತು. ಗಿರಿಜಾಗ ಛಲೋ ಮನಿ ನೋಡು. ನಾನ ಮುಂದ ನಿಂತು ಅಕ್ಕಿಕಾಳು ಹಾಕತೀನಿ."

"ನನ್ನ ಮಗಳು ನಿನಗ ಹೆಚ್ಚಾದಳೇನ ಅಕ್ಕಾ?" ಎಂದು ಮಾಮಾ ಕೇಳಿದರು. ಸಿಟ್ಟಿಗಿಂತ ನೋವೇ ಹೆಚ್ಚಿತ್ತು ಆ ದನಿಯಲ್ಲಿ. ಮಾಮಾ ಊಟ ಮಾಡದೆ ಬಂಡಿ ಹೂಡಿದರು. ಎಲೆಯ ಕಟ್ಟು ಕಟ್ಟೆಯ ಮೇಲೆ ಒದ್ದೆ ಬಟ್ಟೆಯಲ್ಲಿ ಹಾಗೆಯೇ ಉಳಿಯಿತು.

ಗಿರಿಜಾಳ ಮದುವೆಗೆ ಅತ್ತೆಗೆ ಕರೆ ಬರಲಿಲ್ಲ. ಪಂಚಮಿಗೆ ಬಂಡಿಯೂ ಬರಲಿಲ್ಲ. ನಮ್ಮ ಕಡೆ ಪಂಚಮಿಗೆ ತಮ್ಮ ಬಂದು ಅಕ್ಕನನ್ನು ತವರಿಗೆ ಕರೆದೊಯ್ಯಬೇಕು. ಎಷ್ಟು ಮುದುಕಿಯಾದರೂ ಅದು ಅವಳ ಹಕ್ಕು. ಅಲ್ಲಿಯವರೆಗೆ ಒಂದು ವರ್ಷವೂ ತಪ್ಪಿರಲಿಲ್ಲ. ಮುಂದೆ ಪ್ರತಿ ವರ್ಷವೂ ಅತ್ತೆ ಶೇಂಗಾ ಉಂಡಿ, ಎಳ್ಳುಂಡಿ ಕಟ್ಟಿ ಡಬ್ಬಿ ತುಂಬಿಡುವರು. ಬೆಳಿಗ್ಗೆಯೇ ಹೊಸ ಸೀರೆ ಉಟ್ಟು ಕಟ್ಟೆಯ ಮೇಲೆ ಕೂಡುವರು. ಹೊತ್ತು ಏರಿದ ಮೇಲೆ ಒಳಗೆ ಬಂದು, "ರಸ್ತೇದಾಗ ಭಾಳ ಕೆಸರು ಇರಬೇಕು" ಎಂದು ಹಳೆಯ ಸೀರೆ ಉಟ್ಟುಕೊಳ್ಳುವರು. ಒಂದು ವರ್ಷ ಮಳೆಯೇ ಬಂದಿರಲಿಲ್ಲ. ಆ ವರ್ಷವೂ ಅದನ್ನೇ ಅಂದರು. ನಾನೇ ಒಮ್ಮೆ, "ನನ್ನ ಸಲುವಾಗಿ ನಿಮ್ಮ ತವರು ಹೋತ್ರಿ" ಎಂದು ಅತ್ತಾಗ, "ತವರು ಎಲ್ಲಿ ಹೋಗತದ, ಅಲ್ಲೇ ರಾಜೇಶ್ವರದಾಗ ಅದ. ನೀ ಉಂಡಿ ತಿನ್ನು" ಎಂದು ಒಂದನ್ನು ನನ್ನ ಬಾಯಿಗೆ ತುರುಕಿದರು.

ಮೊದಲ ಬೆಳೆ ಆ ದೀಪಾವಳಿಯ ಮುಂದಿನ ಶಿವರಾತ್ರಿಯ ಹೊತ್ತಿಗೆ ಕೊಯ್ಲಿಗೆ ಬಂತು. ಮೂರು ತೆನೆಯ ಕಾಳು ಎಷ್ಟಾದೀತು? ಮಾಳಿಗೆಯ ಮೇಲೆ ಬಿಳಿ ಬಟ್ಟೆ ಹಾಸಿ ಒಣಗಿಸಿದರು. ಹಸಿರು ಕಾಳು ದಿನದಿನಕ್ಕೆ ಸುಕ್ಕಾಗಿ ಕಪ್ಪಾಗುವುದನ್ನು ನೋಡಲು ಓಣಿಯ ಹೆಂಗಸರೆಲ್ಲ ಹತ್ತಿ ಬಂದರು. ಕಾಶೀಬಾಯಿ ಸಂತೋಷದಿಂದಲೇ ಅಂದಳು: "ಬಳ್ಳಿ ಬಿಟ್ಟಿತು ನೋಡವ್ವಾ. ಇನ್ನ ನಿನ್ನ ಸೊಸೀದೂ ಉಡಿ ತುಂಬತದ."

"ತುಂಬಲಿ, ಬಿಡಲಿ" ಎಂದರು ಅತ್ತೆ. "ಬಳ್ಳಿ ಬಳ್ಳಿ, ಸೊಸಿ ಸೊಸಿ. ಅಕಿ ಬಳ್ಳಿ ಅಲ್ಲ."

ನನಗೆ ಮಕ್ಕಳಾಗಲಿಲ್ಲ. ಇದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಓದುವವರು ಕೊನೆಯಲ್ಲಿ ಏನೋ ಆಗುತ್ತದೆಂದು ಕಾಯುವುದು ಬೇಡ. ಆ ಮಾತು ನಮ್ಮ ಮನೆಯಲ್ಲಿ ಮತ್ತೆ ಬರಲಿಲ್ಲ. ಅತ್ತೆ ಬರಗೊಡಲಿಲ್ಲ.

ಜಗತ್ತಿನ ದೊಡ್ಡ ಲಡಾಯಿಯ ವರ್ಷಗಳಲ್ಲಿ ಬಜಾರದಲ್ಲಿ ಎಲ್ಲದಕ್ಕೂ ತತ್ವಾರ. ಅಪ್ಪನ ಅಂಗಡಿಯಲ್ಲೇ ಮೆಣಸಿನ ಡಬ್ಬಿ ಖಾಲಿಯಾಗಿತ್ತು. ನಮ್ಮ ಬಾವಿಯ ಹತ್ತಿರ ಮಾತ್ರ ತೆನೆಗಳು ಈಗ ಕೈಗೆಟುಕುವ ಎತ್ತರದಿಂದಲೇ ಜೋಲುತ್ತಿದ್ದವು. ಕೆಮ್ಮು, ಶೀತ, ಬಾಣಂತಿಯ ಖಾರ ಎಂದು ಓಣಿಯವರು ಬಟ್ಟಲು ಹಿಡಿದು ಬರುವರು. ಅತ್ತೆ ಯಾರನ್ನೂ ಬರಿಗೈಯಲ್ಲಿ ಕಳಿಸಲಿಲ್ಲ. ತೆನೆ ಕೀಳುವ ಕೆಲಸವನ್ನು ಮಾತ್ರ ನನಗೇ ಬಿಟ್ಟಿದ್ದರು. ತಾವು ಕೆಳಗೆ ಸೆರಗು ಹಿಡಿದು ನಿಲ್ಲುವರು. "ನೀ ಕೀಳು. ನನ್ನ ಕೈಗೆ ಅದು ಅಂಜೇದ." ಸೊಪ್ಪು ಸೋಸುವಾಗ ಅವರ ಹೆಬ್ಬೆರಳು ಇನ್ನೂ ಹಳೆಯ ರೂಢಿಯಲ್ಲಿ ಮುಂದೆ ಚಾಚುತ್ತಿತ್ತು, ಅಲ್ಲಿ ಇಲ್ಲದ ಉಗುರನ್ನು ಒತ್ತಿ, ದಂಟು ತುಂಡಾಗದಿದ್ದಾಗ ತಡೆದು ನಿಲ್ಲುತ್ತಿತ್ತು. ಆಮೇಲೆ ಈಳಿಗೆ ಎಳೆದುಕೊಳ್ಳುವರು. ಎಂಟು ದಿನಕ್ಕೊಮ್ಮೆ ನನ್ನ ಮುಂದೆ ಕೂತು ಕೈ ಚಾಚುವರು. ಮೊದಲು ಹೆಬ್ಬೆರಳು. "ಪೂರಾ ತೆಗಿ. ಏನೂ ಬಿಡಬ್ಯಾಡ."

ಲಡಾಯಿ ಮುಗಿದ ಮರುವರ್ಷ ಮಳೆಗಾಲದಲ್ಲಿ ಅವರಿಗೆ ಉಬ್ಬಸ ಹತ್ತಿತು. ಮೆಣಸು, ಶುಂಠಿ, ಬೆಲ್ಲದ ಕಷಾಯ ದಿನಕ್ಕೆ ಮೂರು ಹೊತ್ತು ಕೊಡುತ್ತಿದ್ದೆ. "ನಾ ಸಾಕಿದ್ದ ನನಗ ಸಾಕತದಲ್ಲ" ಎಂದು ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಕುಡಿಯುವರು. ಕೊನೆಯ ಇಪ್ಪತ್ತು ದಿನ ಬಟ್ಟಲು ಹಿಡಿಯಲೂ ಆಗಲಿಲ್ಲ. ನಾನು ಚಮಚೆಯಿಂದ ಹನಿಹನಿಯಾಗಿ ಹಾಕುತ್ತಿದ್ದೆ. ಒಂದು ಮುಂಜಾನೆ ಹಾಕಿದ ಹನಿ ಒಳಗೆ ಹೋಗಲಿಲ್ಲ.

ಮೈ ತೊಳೆಯಲು ಹೆಂಗಸರು ಸೇರಿದಾಗ ನಾನು ಅವರ ಬಲಗೈ ಹಿಡಿದುಕೊಂಡೆ. ಹೆಬ್ಬೆರಳಿನ ಉಗುರು ಬೆಳೆದಿತ್ತು. ಔಷಧಿ, ಕಾವು, ಎದೆಗೆ ಎಣ್ಣೆ ಎಂದು ಓಡಾಡುವುದರಲ್ಲಿ ಅದು ನನಗೆ ಮರೆತುಹೋಗಿತ್ತು. ತುದಿಯಲ್ಲಿ ಆಗಲೇ ಹಳೆಯ ಬಾಗು ಬಂದಿತ್ತು. ನಾನು ಎದ್ದು ಅಡಕೊತ್ತು ತಂದೆ. ಕಾಶೀಬಾಯಿ ನನ್ನ ಕೈ ತಡೆದಳು. "ಬ್ಯಾಡವ್ವಾ ನೀಲಾ, ಹೋದವರ ಉಗುರು ತೆಗೀಬಾರದು."

"ಇದು ಅವರದಲ್ರಿ" ಎಂದೆ. ಪೂರಾ ತೆಗೆದೆ, ಏನೂ ಬಿಡಲಿಲ್ಲ.

ಸುದ್ದಿ ಮುಟ್ಟಿ ಸಿದ್ದಪ್ಪ ಮಾಮಾ ಮಧ್ಯಾಹ್ನದ ಹೊತ್ತಿಗೆ ಬಂದರು. ತಲೆಯೆಲ್ಲ ಬೆಳ್ಳಗಾಗಿತ್ತು. ಅತ್ತೆಯನ್ನು ಗೋಡೆಗೆ ಒರಗಿಸಿ ಕೂಡಿಸಿದ್ದೆವು. ಅವರು ಎದುರಿಗೆ ಕೂತು, ಅಕ್ಕನ ಬಲಗೈ ತೆಗೆದುಕೊಂಡು ತಮ್ಮ ಅಂಗೈಯಲ್ಲಿಟ್ಟುಕೊಂಡರು. ಹೆಬ್ಬೆರಳನ್ನು ನೋಡಿದರು. ಪಕ್ಕದಲ್ಲಿ ಅವರದೇ ಹೆಬ್ಬೆರಳಿತ್ತು, ಎಲೆಯ ಕಲೆ ಹಿಡಿದ ಉದ್ದ ಉಗುರಿನೊಂದಿಗೆ.

"ಆಮ್ಯಾಲ ಮತ್ತ ಬೆಳಸಲೇ ಇಲ್ಲೇನು ಅಕಿ?" ಎಂದು ನನ್ನನ್ನು ಕೇಳಿದರು. ಆ ದೀಪಾವಳಿಯ ನಂತರ ಅವರು ನನ್ನ ಜೊತೆ ಆಡಿದ ಮೊದಲ ಮಾತು ಅದು.

"ಇಲ್ರಿ ಮಾಮಾ."

ಅವರು ತಲೆಯಾಡಿಸಿದರು. ಎದ್ದು ಬಾವಿಯ ಕಡೆ ನಡೆದರು. ಆ ಬಳ್ಳಿಗೆ ನಾವು ಕಟ್ಟಳೆ ಹಿಡಿಯುವುದನ್ನು ಬಿಟ್ಟು ವರ್ಷಗಳೇ ಆಗಿದ್ದವು; ನಾವೆಲ್ಲ ಚಪ್ಪಲಿ ಮೆಟ್ಟಿದ ಕಾಲಲ್ಲೇ ಹೋಗುತ್ತಿದ್ದೆವು. ಮಾಮಾಗೆ ಅದು ಗೊತ್ತಿರಲಿಲ್ಲ. ದೂರದಲ್ಲೇ ಚಪ್ಪಲಿ ಬಿಟ್ಟು, ಕೆಸರಿನಲ್ಲಿ ಬರಿಗಾಲಲ್ಲಿ ಹೋಗಿ ನಿಂತರು. ಆ ಮಳೆಗಾಲದ ಎಳೆಯ ತೆನೆಗಳು ಅವರ ಮುಖದ ಮಟ್ಟದಲ್ಲೇ ಜೋತುಬಿದ್ದಿದ್ದವು. ಎಲೆ ತೋಟದವರ ಕೈ. ತಾನಾಗಿಯೇ ಒಂದು ತೆನೆಯ ಕಡೆಗೆ ಎದ್ದಿತು, ಹೆಬ್ಬೆರಳು ಮುಂದೆ ಚಾಚಿ. ಮುಟ್ಟುವ ಮೊದಲೇ ನಿಂತಿತು. ಅವರು ಆ ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡು, ಅಕ್ಕನನ್ನು ಎತ್ತುವ ಹೊತ್ತಾಯಿತೆಂದು ನಾವು ಕರೆಯುವವರೆಗೂ ಅಲ್ಲಿಯೇ ನಿಂತಿದ್ದರು.